ಮಂಚದ ಕೆಳಗಿನ ಡಬ್ಬ

ಮಾರ್ಚ್ 2, ಭಾನುವಾರ

ಬಟ್ಟೆ ಒಣಹಾಕಿ ಒಳಗೆ ಬಂದೆ. ಹಾಲ್‌ನಲ್ಲಿ ಇವರು ಅಂಬೆಗಾಲಿಡುತ್ತಿದ್ದಾರೆ. ವಯಸ್ಸು ಐವತ್ತೊಂದು. ಗೋಡೆಯ ಬುಡದಲ್ಲೇ ನಾಲ್ಕು ಹೆಜ್ಜೆ, ನಿಲ್ಲುವುದು, ಕತ್ತು ಓರೆ ಮಾಡಿ ಕೇಳುವುದು, ಮತ್ತೆ ನಾಲ್ಕು ಹೆಜ್ಜೆ. ಸೋಫಾದಲ್ಲಿ, ನಾನು ಕೂರುವ ಜಾಗದಲ್ಲಿ, ಒಂದು ಕರಿ ಡಬ್ಬ ಕೂತಿದೆ. ಡುಮ್... ಡುಮ್... ಅದೇ ಒಂದು ಸದ್ದು.

"ಏನ್ರೀ ಇದು?"

"ಶ್! ಸಬ್‌ವೂಫರ್, ದಪ್ಪ ಸದ್ದಿನ ಸ್ಪೀಕರ್. ನಾವು ಕೂರೋ ಜಾಗದಲ್ಲಿ ಇದನ್ನ ಇಟ್ಟು, ನಾವು ರೂಮ್ ಸುತ್ತ ಕೇಳ್ತಾ ಹೋಗ್ಬೇಕು. ಎಲ್ಲಿ ಬೇಸ್ ಸರಿಯಾಗಿ ಕೇಳುತ್ತೋ ಅದೇ ಇದರ ಜಾಗ."

ಡೆಸಿಬಲ್ ಹೇಳಿಕೊಟ್ಟ ವಿದ್ಯೆ. ಇವರ ಆಫೀಸಿನ ಸ್ನೇಹಿತ, ಸ್ಪೀಕರ್ ಬಿಟ್ಟರೆ ಬೇರೆ ಮಾತಿಲ್ಲ, ಅದಕ್ಕೇ ನಾನಿಟ್ಟ ಹೆಸರು. ಹೋಮ್ ಥಿಯೇಟರಿನ ಐದು ಸ್ಪೀಕರ್ ಬಂದಾಗಲೇ ಹಾಲ್ ಅರ್ಧ ಮುಗಿದಿತ್ತು. ಈಗ ಇದು.

ಕಿಟಕಿ ಮೂಲೆಗೆ ಹೋದವರು "ಇಲ್ಲೇ!" ಎಂದು ತಲೆ ಎತ್ತಿ ಅತ್ತೆಯ ಮಂಚಕ್ಕೆ ಬಡಿಸಿಕೊಂಡರು. ಮಂಚದ ಮೇಲೆ ಗುಂಡಿ ಹೊಲಿಯುತ್ತಿದ್ದ ಅತ್ತೆ ಬಗ್ಗಿ ನೋಡಿ, "ಏನೋ ಕಳ್ಕೊಂಡೆ ಮಗಾ?" ಎಂದರು.

ಬುದ್ಧಿ, ಅಂತ ಬಾಯಿಗೆ ಬಂದಿತ್ತು. ನುಂಗಿಕೊಂಡೆ.

ಮಾರ್ಚ್ 3, ಸೋಮವಾರ

ಅತ್ತೆಯನ್ನು ಹಿಂದಿನ ರೂಮಿಗೆ ಕಳಿಸಬೇಕಂತೆ! ಡಬ್ಬಕ್ಕೆ ಆ ಮೂಲೆ ಬೇಕಂತೆ!

ಹಿಂದಿನ ರೂಮಿನ ಕಿಟಕಿ ತೆಗೆದರೆ ಪಕ್ಕದ ಕಟ್ಟಡದ ಗೋಡೆ. ಹಾಲ್‌ನ ಕಿಟಕಿಯಲ್ಲಿ ಬೆಳಕಿದೆ, ರಸ್ತೆಯಿದೆ. ಮಂಡಿ ನೋವಿನ ಮನುಷ್ಯರಿಗೆ ಅದೇ ಪ್ರಪಂಚ. ನಮ್ಮ ಡ್ರೈಕ್ಲೀನಿಂಗ್ ಅಂಗಡಿಗೆ ಬರುವ ಕೋಟುಗಳ ಗುಂಡಿಯೆಲ್ಲ ಹೊಲಿಯುವುದು ಅಲ್ಲಿ ಕೂತೇ. ಕೌಂಟರಿನಲ್ಲಿ ನಾನು, ಮಂಚದ ಮೇಲೆ ಅವರು — ಹನ್ನೆರಡು ವರ್ಷದಿಂದ ಹೀಗೇ ನಡೆದಿದೆ. ಅತ್ತೆ ಹೊಲಿದ ಗುಂಡಿ, ಕೋಟು ಹರಿದರೂ ಬೀಳುವುದಿಲ್ಲ ಅಂತ ಗಿರಾಕಿಗಳೇ ಹೇಳುತ್ತಾರೆ.

ಇವತ್ತು 'ಇವರು' ಅಂತ ಬರೆಯಲು ಕೈ ಬರುತ್ತಿಲ್ಲ. ಇವನು. ಇವನಿಗೆ ಹೆತ್ತ ತಾಯಿಗಿಂತ ಡಬ್ಬ ಹೆಚ್ಚಾಯಿತು. ಬಾಯಿಗೆ ಬಂದ ಹಾಗೆ ಅಂದೆ. ಕೊನೆಗೆ ಸಾಕಾಗಿ, "ಅಷ್ಟೊಂದು ಆ ಮೂಲೆನೇ ಬೇಕಿದ್ರೆ ಮಂಚದ ಕೆಳಗೆ ತುರುಕ್ಕೊಳ್ಳಿ!" ಎಂದು ಕಿರುಚಿದೆ.

ಅವನು ಮಂಚ ನೋಡಿದ. ಟೇಪು ತಂದು ಅಳೆದ.

"ಹಿಡಿಸುತ್ತೆ ಕಣೇ!"

ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಅತ್ತೆಗೆ ಮೂಲೆ ಉಳಿಯಿತು. ಗೆದ್ದೆ ಅಂತ ಮಲಗುತ್ತಿದ್ದೇನೆ.

ಮಾರ್ಚ್ 5

ಫ್ರಿಜ್ ಮೇಲೆ ಕಾಗದ ಅಂಟಿಸಿದ್ದಾನೆ. ಡಬ್ಬದ ಆರೈಕೆ. ವಾರಕ್ಕೊಮ್ಮೆ ಒಣ ಬ್ರಶ್‌ನಿಂದ ಧೂಳು ತೆಗೆಯಬೇಕು, ಒದ್ದೆ ಬಟ್ಟೆ ಮುಟ್ಟಿಸಬಾರದು. ಮುಂದಿನ ತೂತಿಗೆ ಏನೂ ಅಡ್ಡ ಇರಬಾರದು, ಅದು ಉಸಿರಾಡಬೇಕಂತೆ. ಅಡಿಗೆ ರಬ್ಬರ್ ಶೀಟು. ಮೊದಲ ತಿಂಗಳು ಜೋರು ಸೌಂಡ್ ಇಲ್ಲ — ಹೊಸದು, ಪಳಗಬೇಕು. ಬಾಣಂತಿಗೂ ಇಷ್ಟು ಪಥ್ಯ ಇಲ್ಲ.

ಧೂಳಿನ ಕೆಲಸದ ಮುಂದೆ ಬ್ರಾಕೆಟ್ಟಿನಲ್ಲಿ ನನ್ನ ಹೆಸರು.

"ಅತ್ತೆ ಬಿಪಿ ಮಾತ್ರೆ ಎಷ್ಟು ಗಂಟೆಗೆ ತಗೋತಾರೆ, ಹೇಳಿ ನೋಡೋಣ" ಎಂದೆ. ಗೊತ್ತಿಲ್ಲ. ಕಿವಿಯಲ್ಲೇ ಹರ್ಟ್ಸ್ ಅಳೆಯುವ ಮನುಷ್ಯ!

ಮಾರ್ಚ್ 16, ಭಾನುವಾರ

ಹತ್ತು ದಿನ ಬರೆದಿಲ್ಲ. ಮದುವೆ ಆರ್ಡರುಗಳು, ಅಂಗಡಿ ತುಂಬ ಸೂಟು.

ಅತ್ತೆ ಬೆಳಿಗ್ಗೆ ಕೈ ಹಿಡಿದು ಕೂರಿಸಿಕೊಂಡರು. "ಸಾಯಂಕಾಲ ಆಯ್ತು ಅಂದ್ರೆ ಎದೇಲಿ ಒಳಗಿಂದ ಗುದ್ದಿದ ಹಾಗೆ ಆಗುತ್ತೆ ಕಣೆ. ಸ್ವಲ್ಪ ಹೊತ್ತು. ಆಮೇಲೆ ನಿಂತ್ಹೋಗುತ್ತೆ."

"ಎಷ್ಟು ದಿನದಿಂದ?"

"ಒಂದ್ ಹತ್ತು ದಿನ ಆಯ್ತೇನೋ. ಅವನಿಗೆ ಹೇಳ್ಬೇಡ. ಖುಷಿಯಾಗಿ ಸಿನಿಮಾ ನೋಡ್ಕೊಂಡಿದಾನೆ."

ಹತ್ತು ದಿನ! ಕೋಪ ನೆತ್ತಿಗೇರಿತು. ಈ ಮನೆಯಲ್ಲಿ ಬಾಯಿ ಬಿಟ್ಟು ಹೇಳುವ ಅಭ್ಯಾಸ ನನಗೊಬ್ಬಳಿಗೇ. ಅದಕ್ಕೇ ಬಾಯಿಬಡುಕಿ ಅನ್ನಿಸಿಕೊಳ್ಳುವವಳೂ ನಾನೇ.

ಮಾರ್ಚ್ 19

ಅಂಗಡಿಗೆ ಅರ್ಧ ದಿನ ರಜೆ ಹಾಕಿ ಅತ್ತೆಯನ್ನು ಡಾಕ್ಟರ ಹತ್ತಿರ ಕರೆದೊಯ್ದೆ. ಮಗರಾಯ ಬರಲಿಲ್ಲ. ಡೆಸಿಬಲ್ ಮೈಕು ತರುತ್ತಾನಂತೆ, ಸೌಂಡ್ ಅಳೆಯಲು. "ನೀನಿದ್ದೀಯಲ್ಲ" ಅಂದ. ಹೌದು, ನಾನಿದ್ದೇನೆ. ಎಲ್ಲದಕ್ಕೂ ನಾನಿದ್ದೇನೆ.

ಇಸಿಜಿ ನಾರ್ಮಲ್. ಅತ್ತೆ ಪರೀಕ್ಷೆ ಪಾಸಾದವರಂತೆ ನಕ್ಕರು. ಡಾಕ್ಟರಮ್ಮ ನಗಲಿಲ್ಲ. "ಈಗ ಬಡೀತಾ ಇಲ್ವಲ್ಲ, ಅದಕ್ಕೇ ಮೆಷಿನ್‌ಗೆ ಏನೂ ಸಿಕ್ಕಿಲ್ಲ. ಇನ್ನೊಂದ್ಸಲ ಶುರುವಾದ್ರೆ ಆಗಲೇ ಕರ್ಕೊಂಡ್ ಬನ್ನಿ. ನಿಂತ ಮೇಲೆ ಬಂದು ಪ್ರಯೋಜನ ಇಲ್ಲ."

ಮಾರ್ಚ್ 21, ಶುಕ್ರವಾರ

ಸಿಕ್ಕಿತು!! ಮೈ ಇನ್ನೂ ಉರಿಯುತ್ತಿದೆ, ಪೆನ್ನು ಹಾಳೆ ಹರಿಯುವಂತಿದೆ.

ಸಂಜೆ ಏಳೂವರೆ. ಇವನು ಸಿನಿಮಾ ಹಾಕಿದ್ದ. ಪರದೆಯಲ್ಲಿ ಯಾವುದೋ ಸೇತುವೆ ಕುಸಿಯುತ್ತಿತ್ತು. ಮಲಗಿದ್ದ ಅತ್ತೆ ಎದೆಯ ಮೇಲೆ ಕೈಯಿಟ್ಟು, "ಶುರುವಾಯ್ತು ಕಣೆ" ಎಂದು ಪಿಸುಗುಟ್ಟಿದರು. ಡಾಕ್ಟರ ಮಾತು ನೆನಪಾಯಿತು, ಚಪ್ಪಲಿ ಹುಡುಕಲು ಬಗ್ಗಿದೆ. ಮಂಚದ ಕೆಳಗೆ ಅತ್ತೆಯ ಗುಂಡಿ ಡಬ್ಬಿ ಕುಣಿಯುತ್ತಿದೆ! ನೆಲದವರೆಗೆ ಬಗ್ಗಲಾರದೆ, ಮಂಚದಿಂದ ಕೈ ಚಾಚಿದರೆ ಸಿಗಲಿ ಅಂತ ಅವರು ಅದನ್ನು ಸಬ್‌ವೂಫರ್ ಮೇಲೆ ಇಟ್ಟುಕೊಂಡಿದ್ದರು. ತಗಡಿನ ಮುಚ್ಚಳ ಕಟಕಟ ಅನ್ನುತ್ತಿತ್ತು.

ರಿಮೋಟ್ ಕಿತ್ತುಕೊಂಡು ಸಿನಿಮಾ ನಿಲ್ಲಿಸಿದೆ. "ಈಗ ಅತ್ತೆ?"

"ಅಯ್ಯೋ, ನಿಂತ್ಹೋಯ್ತು."

ಹಾಕಿದೆ. "ಬಂತು ಬಂತು."

ನಿಲ್ಲಿಸಿದೆ. "ಹೋಯ್ತು."

ಮೂರು ಸಲ. ಅತ್ತೆ ಹೊಟ್ಟೆ ಹಿಡಿದು ನಕ್ಕರು. ನಗುವ ವಿಷಯವೇ? ಹದಿನೈದು ದಿನ ಆ ಜೀವ ಸಾಯುತ್ತೇನೆ ಅಂತ ಹೆದರಿ ಮಲಗಿದೆ. ಹಾಸಿಗೆಯೊಳಗಿಂದ ಗುದ್ದುತ್ತಿದ್ದದ್ದು ಈ ಪೀಡೆ.

ಇವನ ಬಾಯಿಂದ ಬಂದ ಮೊದಲ ಮಾತು: "ಅದರ ಮೇಲೆ ಡಬ್ಬಿ ಯಾಕಿಟ್ಟೆ ಅಮ್ಮ? ಗೀರು ಬೀಳುತ್ತೆ."

ಮಾರ್ಚ್ 22

ತೆಗೆಯಿರಿ ಎಂದೆ. ತೆಗೆಯುವುದಿಲ್ಲ. ಡೆಸಿಬಲ್ ಎರಡು ಗಂಟೆ ಕೂತು ಸೆಟ್ ಮಾಡಿದ್ದಾನಂತೆ, ಒಂದು ಅಡಿ ಸರಿಸಿದರೂ ಎಲ್ಲ ಹಾಳು. ಬೇಸ್ ಎರಡು ಪಾಯಿಂಟ್ ಇಳಿಸಿದ್ದಾನೆ. ದೊಡ್ಡ ಉಪಕಾರ.

"ಹಾರ್ಟ್ ಚೆನ್ನಾಗಿದೆ ಅಂತ ಡಾಕ್ಟರೇ ಹೇಳಿದ್ರಲ್ಲ, ಇನ್ನೇನು?"

ಅತ್ತೆಯೂ ಅವನ ಕಡೆಗೇ. "ಬಿಡೆ, ಕಾರಣ ಗೊತ್ತಾಯ್ತಲ್ಲ. ಡಬ್ಬದ್ದು ಅಂದ್ಮೇಲೆ ನನಗೆ ಹೆದರಿಕೆ ಇಲ್ಲ. ಮನೇಲಿ ಜಗಳ ಬೇಡ."

ಯಾರ ಪರವಾಗಿ ನಾನು ಗಂಟಲು ಹರಿದುಕೊಂಡೆನೋ ಅವರೇ ನನ್ನ ಬಾಯಿ ಮುಚ್ಚಿಸಿದರು. ಊಟ ಮಾಡಲಿಲ್ಲ.

ಮಾರ್ಚ್ 24, ಸೋಮವಾರ

ಫ್ರಿಜ್ ಮೇಲಿನ ಕಾಗದದ ಪ್ರಕಾರ ಧೂಳು ತೆಗೆಯಲು ಮಂಚದ ಕೆಳಗೆ ನುಗ್ಗಿದೆ. ಒಣ ಬ್ರಶ್. ಮುಂದೆ ಆಯಿತು, ಪಕ್ಕ ಆಯಿತು. ಹಿಂದಕ್ಕೆ ಕೈ ಹೋಯಿತು. ಕರೆಂಟಿನ ವೈರು. ಎಳೆದರೆ ಸಲೀಸಾಗಿ ಬಂತು. ಡಬ್ಬದ ತುದಿ, ಗೋಡೆಯ ತುದಿ, ಎರಡೂ.

ಸುತ್ತಿ ನನ್ನ ಹ್ಯಾಂಡ್‌ಬ್ಯಾಗಿನಲ್ಲಿ ಹಾಕಿಕೊಂಡೆ. ಯಾರಿಗೂ ಹೇಳಿಲ್ಲ. ಸಂಜೆ ಕೂಗಾಡಲಿ. ನಾನೂ ಕಾಯುತ್ತಿದ್ದೇನೆ.

ಮಾರ್ಚ್ 26, ಬುಧವಾರ

ಕೂಗಾಡಲಿಲ್ಲ! ಗೊತ್ತೇ ಆಗಿಲ್ಲ!

ಮೊನ್ನೆಯೂ ನಿನ್ನೆಯೂ ಸುಮ್ಮನೆ ಸಿನಿಮಾ ನೋಡಿದ. ಇವತ್ತು ಡೆಸಿಬಲ್ ಬಂದ. ಇಬ್ಬರೂ ಕಣ್ಣು ಮುಚ್ಚಿ ಕೇಳಿದರು. "ಈಗ ಪಳಗಿದೆ ನೋಡು. ಬೇಸ್ ಎಷ್ಟು ಟೈಟಾಗಿದೆ!" ಅಂದ ಇವನು. "ಒಂಚೂರೂ ಬೂಮ್ ಇಲ್ಲ" ಅಂದ ಡೆಸಿಬಲ್. ಸತ್ತ ಡಬ್ಬದ ಹೊಗಳಿಕೆ! ಅಡುಗೆಮನೆಗೆ ಓಡಿ ಬಾಯಿಗೆ ಸೆರಗು ತುರುಕಿಕೊಂಡೆ. ಮೂರು ವಾರದಲ್ಲಿ ಮೊದಲ ಸಲ ಹೊಟ್ಟೆ ತಣ್ಣಗಾಯಿತು.

ಆಗಲೇ ಅತ್ತೆ ಎದೆ ಹಿಡಿದುಕೊಂಡು, "ಗುದ್ದೋಕೆ ಶುರುವಾಯ್ತು ನೋಡೋ, ಸ್ವಲ್ಪ ಕಮ್ಮಿ ಮಾಡೋ" ಎಂದರು. ಇವನು ರಿಮೋಟ್ ಒತ್ತಿದ. "ಇನ್ನೆರಡು ಇಳಿಸಿದೆ ಅಮ್ಮ. ಈಗ?"

"ಹ್ಞಾ... ಈಗ ವಾಸಿ."

ನನಗೆ ಇನ್ನಷ್ಟು ನಗು. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅನ್ನುತ್ತಾರೆ. ಇಲ್ಲಿ ಮಗ. ಇಲ್ಲದ ಬೇಸ್ ಇವನಿಗೆ ಕೇಳುತ್ತದೆ, ಇಲ್ಲದ ಗುದ್ದು ಅವರಿಗೆ ತಾಗುತ್ತದೆ. ಒಂದು ವಾರ ಬಿಟ್ಟು ಎಲ್ಲರ ಮುಂದೆ ವೈರು ತೆಗೆದು ತೋರಿಸುತ್ತೇನೆ. ಡೆಸಿಬಲ್ ಇರುವಾಗಲೇ. ಇವನ ಮುಖ ನೋಡಬೇಕು.

ಮಾರ್ಚ್ 27, ಗುರುವಾರ. ಅಂಗಡಿ, 11.40

ಬೆಳಿಗ್ಗೆಯಿಂದ ತಲೆ ಕೆಟ್ಟಿದೆ. ಲಾಯರೊಬ್ಬರು ತಮ್ಮ ಕರಿಕೋಟು ತೆಗೆದುಕೊಳ್ಳಲು ಬಂದರು. ಕೌಂಟರಿನಲ್ಲೇ ಹಾಕಿ ನೋಡಿದರು. ಮುಂದಿನ ಗುಂಡಿ ಪಟ್ಟಂತ ಕೈಗೆ ಬಂತು. "ಏನಮ್ಮ, ಇದೇನಾ ನಿಮ್ಮ ಅತ್ತೆ ಗ್ಯಾರಂಟಿ?" ಅಂದರು. ಅಂಗಡಿ ತುಂಬ ಗಿರಾಕಿಗಳು. ಮುಖ ಎಲ್ಲಿಟ್ಟುಕೊಳ್ಳಲಿ? ಮಧ್ಯಾಹ್ನದ ಮೇಲೆ ಕೊಡುತ್ತೇನೆ ಅಂತ ಕಳಿಸಿದೆ.

ಅತ್ತೆಯ ಮೇಲೆ ಕೆಟ್ಟ ಕೋಪ ಬಂತು. ಗಮನವೆಲ್ಲ ಕಿಟಕಿಯ ಆಚೆ. ಸಂಜೆ ಹೋಗಿ ಕೇಳಲೇಬೇಕು.

ನಾನೇ ಹೊಲಿಯೋಣ ಅಂತ ಕೋಟು ಬಿಚ್ಚಿ ನೋಡುತ್ತಿದ್ದೇನೆ. ದಾರಕ್ಕೆ ಗಂಟೇ ಹಾಕಿಲ್ಲ. ತೋಳಿನ ಒಂದು ಗುಂಡಿ ತಲೆಕೆಳಗು. ಒಳಗಿನ ಬಿಳಿ ಲೈನಿಂಗಿನ ಮೇಲೆ ಎರಡು ಚುಕ್ಕೆ ರಕ್ತ — ಸೂಜಿ ಚುಚ್ಚಿದೆ. ಹನ್ನೆರಡು ವರ್ಷದಲ್ಲಿ ಅತ್ತೆ ಒಂದು ಗಂಟು ಮರೆತದ್ದಿಲ್ಲ.

ಈ ಕೋಟು ಅವರು ಹೊಲಿದದ್ದು ನಿನ್ನೆ ಮಧ್ಯಾಹ್ನ. ಊಟಕ್ಕೆ ಹೋದಾಗ ನಾನೇ ನೋಡಿದೆ. ಮಡಿಲಲ್ಲಿ ಕೋಟು, ಒಂದು ಕೈ ಎದೆ ಮೇಲೆ. ಟಿವಿ ಹಾಕಿರಲಿಲ್ಲ.

ಇವತ್ತು ಬೆಳಿಗ್ಗೆ ಮಂಚದ ಅಂಚು ಹಿಡಿದು ಕೂತಿದ್ದರು. ಹಣೆ ಒದ್ದೆ. ಕಾಫಿ ಹಾಗೇ ಆರಿತ್ತು. "ಡಬ್ಬ ಇನ್ನೂ ಆಫ್ ಮಾಡಿಲ್ವೇನೆ ಅವನು?" ಎಂದು ಕೇಳಿದರು. ಬಸ್ಸಿನ ಹೊತ್ತಾಗಿತ್ತು. "ಆಫ್ ಆಗಿದೆ ಅತ್ತೆ, ಸುಮ್ನೆ ಭ್ರಮೆ ನಿಮಗೆ" ಅಂದು ಬಂದುಬಿಟ್ಟೆ. ಒಳಗೊಳಗೇ ನಗುತ್ತಾ ಬಂದೆ.

ಪೆನ್ನಿಗೆ ಬ್ಯಾಗ್ ತೆಗೆದಾಗ ಮೊದಲು ಕೈಗೆ ಸಿಕ್ಕಿದ್ದು ವೈರು. ಇಲ್ಲೇ ಇದೆ. ಕೌಂಟರಿನ ಮೇಲೆ, ಕೋಟಿನ ಪಕ್ಕ. ಸೋಮವಾರದಿಂದ ಇದು ನನ್ನ ಹತ್ತಿರ ಇದೆ.

ಹಾಗಾದರೆ ನಿನ್ನೆ ಗುದ್ದಿದ್ದು ಏನು?

12.05

ಶಟರ್ ಎಳೆದೆ. ಟ್ಯಾಕ್ಸಿ ನಾಲ್ಕು ನಿಮಿಷ ಅಂತ ತೋರಿಸುತ್ತಿದೆ. ಮೆಟ್ಟಿಲ ಮೇಲೆ ಕೂತಿದ್ದೇನೆ. ಅದು ಬರುವವರೆಗೆ ಬರೆಯುತ್ತಿದ್ದೇನೆ.

ಇವನಿಗೆ ಫೋನ್ ಮಾಡಿ ವೈರಿನ ವಿಷಯ ಹೇಳಿದೆ. ಬೈಯಲಿಲ್ಲ. "ನಾನು ಹೊರಟೆ" ಅಂದ. ಅಷ್ಟೇ. ಇಷ್ಟು ದಿನ ಅವನನ್ನು 'ಇವನು' ಅಂತ ಬರೆದೆ. ನನ್ನನ್ನು ಏನಂತ ಬರೆಯಲಿ? ಡಬ್ಬ ಸತ್ತಿದೆ ಅಂತ ಗೊತ್ತಿದ್ದವಳು ಮನೆಯಲ್ಲಿ ನಾನೊಬ್ಬಳೇ. ಬಡಿಯುವಾಗಲೇ ಕರೆತನ್ನಿ ಎಂದದ್ದನ್ನು ಕೇಳಿಸಿಕೊಂಡವಳೂ ನಾನೇ. ತಮಾಷೆ ನೋಡುತ್ತಾ ಕೂತೆ.

ಅತ್ತೆಗೂ ಫೋನ್ ಮಾಡಿದೆ. ಎತ್ತಿದರು. ಮಾತಿನ ನಡುವೆ ಉಸಿರು ಹುಡುಕುತ್ತಿದ್ದರು.

"ಗುದ್ದುತ್ತಾ ಇದೆಯಾ ಅತ್ತೆ, ಈಗ?"

"ಹೂಂ ಕಣೆ... ಬೆಳಿಗ್ಗೆಯಿಂದ ಬಿಟ್ಟೇ ಇಲ್ಲ. ಗಾಬರಿ ಆಗ್ಬೇಡ, ಡಬ್ಬದ್ದೇ. ನನಗೆ ಬಗ್ಗೋಕಾಗಲ್ಲ... ನೀನು ಬಂದು ಒಂದ್ಸಲ ಅದನ್ನ ಆಫ್ ಮಾಡು."

ಬಂದೆ ಅತ್ತೆ. ಅದು ಆಫ್ ಆಗಿದೆ. ಅದರ ವೈರು ನನ್ನ ಕೈಲಿ — ಟ್ಯಾಕ್ಸಿ ಬಂತು.