ಬಲಕ್ಕೆ ತಿರುಗದ ಕತ್ತು

ನಿಟ್ಟೂರು

ತುಮಕೂರಿನ ಫಿಸಿಯೋಥೆರಪಿ ಡಾಕ್ಟ್ರಮ್ಮ ಸುಮನಾ ಅವರಿಗೆ ನಮಸ್ಕಾರ.

ನನ್ನ ಕತ್ತು ಬಲಕ್ಕೆ ತಿರುಗದಿದ್ದದ್ದು ಒಂಥರಾ ಅನುಕೂಲವೇ ಆಗಿತ್ತು. ಬದುವಿನ ತೆಂಗಿನಮರಕ್ಕಾಗಿ ಜಗಳವಾಡಿ ಮಾತುಬಿಟ್ಟ ಅಣ್ಣನ ಮನೆ, ನಾನು ತೋಟಕ್ಕೆ ಹೋಗುವ ದಾರಿಯ ಬಲಗಡೆಗಿದೆ. ನೋಡದೆ ಹೋದರೆ ಜನ ‘ಪಾಪ, ಕತ್ತುನೋವು’ ಎನ್ನುತ್ತಿದ್ದರು. ಹೆಂಡತಿಯ ಕಾಟಕ್ಕೆ ನಿಮ್ಮಲ್ಲಿಗೆ ಬಂದೆ. ಸ್ನಾಯುವಿನ ಮೇಲೆ ಬಿಗಿದಿದ್ದ ಪೊರೆಯನ್ನು ನೀವು ನಿಧಾನವಾಗಿ ಒತ್ತಿಹಿಡಿದು ಸಡಿಲಿಸಿದಿರಿ. ನೆಪವೂ ಹೋಯಿತು.

ನಿನ್ನೆ ಆ ಮನೆ ಮುಂದೆ ಹಾದುಹೋಗುವಾಗ ಅಣ್ಣ ಜಗಲಿಯಲ್ಲಿ ಕೆಮ್ಮಿದ. ಕತ್ತು ತಾನಾಗಿ ತಿರುಗಿತು.

“ಏನ್ಲಾ, ತಿರುಗ್ತದಲ್ಲ! ಯಾರ್ಲಾ ಒತ್ತಿದ್ದು? ನನ್ ತೋಳು ಮೇಲಕ್ಕೇ ಏಳಲ್ಲ ಕಣ್ಲಾ” ಎಂದ.

ಸೋಮವಾರ ಅವನನ್ನು ಬೈಕಿನಲ್ಲಿ ಕರೆತರುತ್ತೇನೆ. ಒತ್ತುವಾಗ ನೀವು ಮನೆ, ತೋಟ ಅಂತ ಮಾತಾಡಿಸುತ್ತೀರಲ್ಲ, ಆ ಮರದ ಸುದ್ದಿ ಮಾತ್ರ ಎತ್ತಬೇಡಿ. ಇಬ್ಬರಿಗೂ ಮತ್ತೆ ಬಿಗಿದುಕೊಂಡೀತು.

ಇಂತಿ,
ಈಗ ಎರಡೂ ಕಡೆ ನೋಡುವ
ಚನ್ನವೀರಯ್ಯ