ಒಸಡಿನೊಳಗೆ ಮೇಣದ ದಾರ

ಬ್ಯಾಂಡ್ ಮನೆಯ ಮೇಲಿನ ಕೋಣೆಯಿಂದ,
ಮಂಗಳವಾರ, ಹದಿನಾಲ್ಕನೇ ತಾರೀಕು

ಪ್ರೀತಿಯ ಮಗಳೇ,

ಹೇಗಿದ್ದೀಯಾ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯೋ, ಇಲ್ಲ ನಾಟಕ ಕಂಪನಿಯವರ ಜೊತೆ ಊರೂರು ಸುತ್ತುತ್ತಾ ಬರೀ ಚಹಾದಲ್ಲೇ ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದೀಯೋ? ಆ ಒಣಕೆಮ್ಮು ಪೂರ್ತಿ ಹೋಯಿತೇ? ವಾದ್ಯದವರ ಸಾಲಿನಲ್ಲಿ ನಿನ್ನನ್ನು ಮುಂದಕ್ಕೆ ಕೂರಿಸಿದ್ದಾರೆಂದು ಬರೆದಿದ್ದೆಯಲ್ಲ, ಅದನ್ನು ನಿನ್ನ ಅಮ್ಮ ಇಸ್ತ್ರಿ ಅಂಗಡಿಗೆ ಬಂದವರಿಗೆಲ್ಲ ಓದಿ ಹೇಳುತ್ತಾ ಯಾರದೋ ಷರಟಿನ ಕಾಲರ್ ಸುಟ್ಟಳು. ಅವಳು ಚೆನ್ನಾಗಿದ್ದಾಳೆ. ನಾನು ಚೆನ್ನಾಗಿಲ್ಲ. ಈ ಕಾಗದವನ್ನು ಮೂರು ಸಲ ಶುರು ಮಾಡಿ ಹರಿದುಹಾಕಿದ್ದೇನೆ. ಸುತ್ತಿಬಳಸದೆ ಹೇಳಿಬಿಡುತ್ತೇನೆ. ನನ್ನ ಮೇಲಿನ ಸಾಲಿನ ಮುಂದಿನ ಎರಡು ಹಲ್ಲುಗಳನ್ನು ಶುಕ್ರವಾರ ಕೀಳುತ್ತಾರೆ. ಕ್ಲಾರಿನೆಟ್ ಊರಿ ನಿಲ್ಲುವುದು ಆ ಎರಡು ಹಲ್ಲಿಗೇ ಎಂದು ಅದನ್ನೇ ಊದುವ ನಿನಗೆ ನಾನು ಹೇಳಿಕೊಡಬೇಕಾಗಿಲ್ಲ. ಮೂವತ್ತೊಂದು ವರ್ಷ ಉದ್ಯಾನದ ಬ್ಯಾಂಡಿನಲ್ಲಿ ಊದಿದೆ. ಇನ್ನು ಊದುವುದಿಲ್ಲ.

ಇದು ನಿನ್ನೆ ಮೊನ್ನೆಯದಲ್ಲ. ಆರೇಳು ವರ್ಷದಿಂದ ಹಲ್ಲುಜ್ಜಿದರೆ ರಕ್ತ ಬರುತ್ತಿತ್ತು. ನೋವಿರಲಿಲ್ಲ, ಅದೇ ಕೆಟ್ಟದ್ದಾಯಿತು. ನೋವಿದ್ದಿದ್ದರೆ ನಾನೂ ಕೂಗಾಡಿ ಡಾಕ್ಟರ ಮನೆ ಬಾಗಿಲು ಬಡಿಯುತ್ತಿದ್ದೆ. ರಕ್ತ ಬರುವ ಜಾಗವನ್ನು ಮುಟ್ಟಬಾರದು ಎಂದು ನನ್ನಷ್ಟಕ್ಕೆ ನಾನೇ ತೀರ್ಮಾನ ಮಾಡಿ, ಮುಂದಿನ ಹಲ್ಲುಗಳನ್ನು ಬಿಟ್ಟು ಅಕ್ಕಪಕ್ಕದವನ್ನು ಮಾತ್ರ ಉಜ್ಜುತ್ತಾ ಬಂದೆ. ಗಾಯದ ಮೇಲೆ ಯಾರಾದರೂ ಬ್ರಶ್ ಆಡಿಸುತ್ತಾರೆಯೇ ಹೇಳು? ದಿಂಬಿನ ಮೇಲೆ ಕಲೆ ಕಂಡಾಗ ಕೆಮ್ಮಿನ ಔಷಧಿ ಚೆಲ್ಲಿತು ಎಂದೆ. ನಿನ್ನ ಅಮ್ಮ ಯಾವ ಕಲೆ ಯಾವುದರದ್ದೆಂದು ಬಟ್ಟೆ ಮುಟ್ಟಿಯೇ ಹೇಳುವವಳು, ಅವಳ ಹತ್ತಿರ ನನ್ನ ಆಟ ನಡೆಯುತ್ತದೆಯೇ? ಸುಮ್ಮನೆ ತಣ್ಣೀರಲ್ಲಿ ಉಪ್ಪು ಹಾಕಿ ನೆನೆಸುತ್ತಿದ್ದಳು. "ಔಷಧಿ ಕಲೆ ಬಿಸಿನೀರಲ್ಲಿ ಹೋಗುತ್ತೆ ಕಣ್ರೀ, ಇದು ಹೋಗಲ್ಲ" ಎಂದು ಒಂದೇ ಒಂದು ಸಲ ಹೇಳಿದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಆಮೇಲೆ ಒಸಡು ಮೇಲಕ್ಕೆ ಸರಿದು ಹಲ್ಲು ಉದ್ದವಾದಂತೆ ಕಾಣತೊಡಗಿತು. ಎರಡರ ನಡುವೆ ಸಂದು ಬಿತ್ತು. ಊದುವಾಗ ಹಲ್ಲು ಅಲುಗಿ, ಸ್ವರ ಹಿಡಿದು ನಿಲ್ಲಿಸಲು ಆಗದೆ ಬ್ಯಾಂಡ್ ಮಾಸ್ತರು ನನ್ನ ಕಡೆ ಹುಬ್ಬು ಗಂಟು ಹಾಕಿ ನೋಡಿದರು. ಆಗ ನಾನೊಂದು ಬುದ್ಧಿವಂತಿಕೆ ಮಾಡಿದೆ. ಕ್ಲಾರಿನೆಟ್ಟಿನ ತುಂಡುಗಳು ಸಡಿಲವಾದರೆ ಅವು ಕೂಡುವ ಕೀಲಿಗೆ ಸುತ್ತುವ ಮೇಣದ ದಾರ ಇದೆಯಲ್ಲ, ಅದನ್ನು ಎರಡು ಹಲ್ಲಿಗೂ ಸೇರಿಸಿ ಬಿಗಿಯಾಗಿ ಸುತ್ತಿ ಗಂಟು ಹಾಕಿದೆ. ಸಂದು ಮುಚ್ಚಿತು. ಸ್ವರ ಗಟ್ಟಿಯಾಯಿತು. ಮಾಸ್ತರು ಬೆನ್ನು ತಟ್ಟಿದರು. ಒಂದು ವಾರಕ್ಕೆ ದಾರ ಕಾಣಿಸಲಿಲ್ಲ. ಊಟದ ಜೊತೆ ಹೊಟ್ಟೆಗೆ ಹೋಗಿರಬೇಕು ಎಂದುಕೊಂಡು ಇನ್ನೊಂದು ಕಟ್ಟಿದೆ. ಅದೂ ಹೋಯಿತು, ಮತ್ತೊಂದು ಕಟ್ಟಿದೆ. ಸಡಿಲವಾದದ್ದನ್ನು ಬಿಗಿ ಮಾಡುವುದೊಂದೇ ನನಗೆ ಗೊತ್ತಿದ್ದ ವಿದ್ಯೆ.

ಹೋದ ವಾರ ತುಟಿ ಊದಿಕೊಂಡು ಬಾಯಲ್ಲಿ ಕೀವು ತುಂಬಿದಾಗ ನಿನ್ನ ಅಮ್ಮ ಕೈ ಹಿಡಿದು ಎಳೆದುಕೊಂಡೇ ಹೋದಳು. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಮಾತು ಮೆತ್ತಗೆ. ಗೆರೆ ಹಾಕಿದ ಸಣ್ಣ ಕಡ್ಡಿಯೊಂದನ್ನು ಒಸಡಿಗೂ ಹಲ್ಲಿಗೂ ನಡುವೆ ಇಳಿಸಿ, ಎಷ್ಟು ಆಳ ಹೋಗುತ್ತದೆಂದು ನರ್ಸಿಗೆ ಹೇಳಿ ಬರೆಸಿದರು. ಮೂರು, ಮೂರು, ಐದು, ಏಳು, ಒಂಬತ್ತು. ನಾನು ತಾಳ ಎಣಿಸುವವನ ಹಾಗೆ ಕೇಳುತ್ತಾ ಮಲಗಿದ್ದೆ. ಮೂರರೊಳಗಿದ್ದರೆ ಪರವಾಗಿಲ್ಲವಂತೆ. ಉಜ್ಜದೆ ಬಿಟ್ಟ ಪಾಚಿ ಕಲ್ಲಿನಂತೆ ಗಟ್ಟಿಯಾಗಿ ಒಸಡಿನ ಕೆಳಗೆ ಇಳಿದಿದೆ, ಅದಕ್ಕೇ ರಕ್ತ ಬರುತ್ತಿತ್ತು, ರಕ್ತ ಬಂದ ಜಾಗವನ್ನೇ ಮೆತ್ತಗೆ, ಚೆನ್ನಾಗಿ ಉಜ್ಜಬೇಕಿತ್ತು ಎಂದರು. ಆಮೇಲೆ ಚಿಮಟ ಹಾಕಿ ಒಳಗಿನಿಂದ ಏನೋ ಎಳೆದರು. ನನ್ನ ದಾರ. ಮೂರೂ ಅಲ್ಲೇ ಇದ್ದವು, ಒಂದರ ಮೇಲೊಂದು, ಕಪ್ಪಗಾಗಿ. "ಹಲ್ಲು ಬೇರಿನ ಕಡೆ ಸಣ್ಣಗಾಗ್ತಾ ಹೋಗುತ್ತೆ ಅಂಕಲ್, ಬಿಗಿಯಾಗಿ ಕಟ್ಟಿದ್ದು ಸಣ್ಣ ಕಡೆಗೇ ಜಾರುತ್ತೆ. ಹೋಗೋ ದಾರಿಯಲ್ಲಿ ಎಲುಬನ್ನೂ ತಿಂದು ಹಾಕುತ್ತೆ" ಎಂದರು. ದಿನಾ ಕೀಲಿಗೆ ದಾರ ಸುತ್ತುವ ನನಗೆ ಇಷ್ಟು ಹೊಳೆಯಲಿಲ್ಲವಲ್ಲ ಎಂದು ತಲೆಯ ಮೇಲೆ ಕೈ ಹೊತ್ತು ಕೂತೆ.

ಉಳಿದ ಹಲ್ಲುಗಳನ್ನು ಉಳಿಸಬಹುದಂತೆ. ಮರಗಟ್ಟಿಸುವ ಸೂಜಿ ಹಾಕಿ ಬೇರಿನವರೆಗೂ ಕೆರೆದು ಸ್ವಚ್ಛ ಮಾಡುತ್ತಾರೆ, ನಿನ್ನೆ ಬಲಗಡೆಯದು ಆಯಿತು. ಮೂರು ತಿಂಗಳಿಗೊಮ್ಮೆ ಹೋಗಬೇಕು. ಹಲ್ಲಿನ ಸಂದಿಗೆ ಬೇರೆಯೇ ಸಣ್ಣ ಬ್ರಶ್ ಕೊಟ್ಟಿದ್ದಾರೆ. ಬೀಡಿ ಬಿಡಲೇಬೇಕು ಎಂದಿದ್ದಾರೆ, ಬಿಟ್ಟಿದ್ದೇನೆ, ನಿನ್ನ ಅಮ್ಮ ನಂಬುತ್ತಿಲ್ಲ. ಹೋದ ಎಲುಬು ಮಾತ್ರ ವಾಪಸು ಬರುವುದಿಲ್ಲ. ಕೃತಕ ಹಲ್ಲು ಕಟ್ಟಿಸಿಕೊಂಡು ಊದಬಹುದೇ ಎಂದು ಕೇಳಿದೆ. ಕೆಲವರು ಊದುತ್ತಾರೆ, ನಿಮ್ಮ ಎಲುಬು ತಡೆಯುವುದು ಅನುಮಾನ ಎಂದು ಮುಖ ಬೇರೆ ಕಡೆ ತಿರುಗಿಸಿದರು. ಮಾಸ್ತರು ಒಳ್ಳೆಯವರು, ಸ್ವರದ ಹಾಳೆಗಳನ್ನು ಜೋಡಿಸಿಡುವ ಕೆಲಸ ಕೊಡುತ್ತೇನೆ ಎಂದರು. ಭಾನುವಾರ ಉದ್ಯಾನದಲ್ಲಿ ನನ್ನ ಕುರ್ಚಿ ಖಾಲಿ ಬಿಟ್ಟು ಬಾರಿಸಿದರು, ನಾನು ಬೇಲಿಯ ಆಚೆ ನಿಂತು ಕೇಳಿದೆ. ನಾನಿಲ್ಲದೆಯೂ ಚೆನ್ನಾಗಿಯೇ ಇತ್ತು. ಬೇರೆ ಯಾರ ಹತ್ತಿರವೂ ಇದನ್ನು ಹೇಳಿಕೊಂಡಿಲ್ಲ ಮಗಳೇ.

ಕಂಪನಿಯ ಹಿರಿಯರಿಗೆ ನನ್ನ ನಮಸ್ಕಾರ ತಿಳಿಸು. ತಣ್ಣನೆಯ ಗಾಳಿಗೆ ಕಿವಿ ಮುಚ್ಚಿಕೋ. ನಿನ್ನ ಅಮ್ಮ ಮುತ್ತು ಕಳಿಸಿದ್ದಾಳೆ. ನಿನ್ನ ಉಸಿರು ಎಂದೂ ಕುಂದದಿರಲಿ ಎಂದು ಹರಸುವ,

ನಿನ್ನ ಅಪ್ಪ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಬೇರೆ ಯಾರಿಗೂ ಹೀಗೆ ಕಟ್ಟಿಲ್ಲ ತಾನೇ ಎಂದು ಡಾಕ್ಟರಮ್ಮ ಕೇಳಿದರು. ನಿನ್ನ ಅಮ್ಮ ಪಕ್ಕದಲ್ಲೇ ಇದ್ದಳು, ಇಲ್ಲ ಎಂದುಬಿಟ್ಟೆ. ಕಂಪನಿಯವರು ನಿನ್ನನ್ನು ಪರೀಕ್ಷೆಗೆ ಕರೆದ ದಿನ ಬೆಳಿಗ್ಗೆ, ನಿನ್ನ ಮುಂದಿನ ಹಲ್ಲಿನ ಸಂದಿನಲ್ಲಿ ಗಾಳಿ ಸೋರುತ್ತದೆಂದು ನೀನು ಅತ್ತಾಗ ಕಿಟಕಿಯ ಬೆಳಕಿಗೆ ಕೂರಿಸಿ ನಾನೇ ಕಟ್ಟಿದೆ. ದಾರ ವಾರದಲ್ಲೇ ಬಿದ್ದುಹೋಯಿತು, ಸಂದು ಮಾತ್ರ ಮತ್ತೆ ಬಿಡಲಿಲ್ಲ ಅಪ್ಪಾ ಎಂದು ನೀನು ಖುಷಿಯಿಂದ ಬರೆದಿದ್ದೆ. ಅದು ಬಿದ್ದಿಲ್ಲ ಮಗಳೇ. ಎಂಟು ತಿಂಗಳಾಯಿತು. ನೋವಿಲ್ಲ ಎಂದು ಸುಮ್ಮನಿರಬೇಡ, ನೀನಾಗಿ ಕೆದಕಲೂ ಬೇಡ. ಈ ಕಾಗದ ಓದಿದ ದಿನವೇ ಆ ಊರಿನ ಹಲ್ಲಿನ ಡಾಕ್ಟರ ಹತ್ತಿರ ಹೋಗಿ, ಒಸಡಿನೊಳಗೆ ದಾರ ಇದೆ ಎಂದು ಹೇಳು. ಯಾರು ಕಟ್ಟಿದ್ದು ಎಂದು ಕೇಳುತ್ತಾರೆ. ನಮ್ಮಪ್ಪ ಎಂದೇ ಹೇಳು.