ನೀವು ಓದಿದ ಪುಸ್ತಕಗಳ ಬಗ್ಗೆ ಕೇಳಿದಿರಲ್ಲ

ಭಾನುವಾರ, ಮಧ್ಯಾಹ್ನ

ಇವರಿಗೆ,

ನಮ್ಮ ಮನೆಯವರಿಗೆ ಎಂದು ಬರೆಯಲು ಹೊರಟೆ. ನೀವು ನಮ್ಮ ಮನೆ ಬಿಟ್ಟು ಹನ್ನೆರಡು ವರ್ಷವಾಯಿತಲ್ಲ ಎಂದು ಹೊಳೆದು ಹೊಡೆದುಹಾಕಿದೆ. ಹೆಸರು ಹಿಡಿದು ಕರೆದು ಅಭ್ಯಾಸವಿಲ್ಲ. ಅದಕ್ಕೇ ಬರೀ ‘ಇವರಿಗೆ’. ಯಾರಿಗೆ ಎಂದು ನಿಮಗೆ ಗೊತ್ತಾದರೆ ಸಾಕು.

ನಿಮ್ಮ ಕಾಗದವನ್ನು ಮಗಳು ತಂದುಕೊಟ್ಟಳು. “ಓದಿ ಹೇಳ್ಲೇನಮ್ಮಾ?” ಎಂದಳು. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟಿದ್ದರೂ ಗಂಡನ ಕಾಗದ ಓದುವಷ್ಟು ಅಕ್ಷರ ನನ್ನಲ್ಲಿದೆ, ನೀನು ಒಳಗೆ ಹೋಗಿ ಕೂತ್ಕೋ ಎಂದೆ. ಓದಿದೆ. ಅದರಲ್ಲಿ ಇರುವುದು ಎರಡೇ ವಿಷಯ. ಗಂಟಲು ಪೂರ್ತಿ ಕೆಟ್ಟಿದೆ, ಇನ್ನು ಮಾತೇ ಆಡಕೂಡದು ಎಂದು ಡಾಕ್ಟರು ಹೇಳಿದ್ದಾರೆ, ಪುಸ್ತಕ ಓದಿಸಿ ರೆಕಾರ್ಡ್ ಮಾಡುವ ಆ ಕಂಪನಿಯವರು ಬೇರೆಯವರನ್ನು ನೋಡಿಕೊಂಡಿದ್ದಾರೆ, ಆದ್ದರಿಂದ ಮನೆಗೆ ಬಂದು ಇರುತ್ತೇನೆ ಎನ್ನುವುದು ಒಂದು. ನಾನು ಓದಿದ ಪುಸ್ತಕ ಯಾವುದಾದರೂ ಕೇಳಿದ್ದೀಯಾ, ಕೇಳಿದ್ದರೆ ನಿನ್ನ ಅಭಿಪ್ರಾಯವೇನು ಎನ್ನುವುದು ಇನ್ನೊಂದು.

ಎರಡನೆಯದನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಮದುವೆಯಾದಾಗಿನಿಂದ ನನ್ನ ಅಭಿಪ್ರಾಯ ಎಂದು ನೀವು ಕೇಳಿದ್ದು ಇದೇ ಮೊದಲು. ಬಿಟ್ಟುಕೊಡಲು ಮನಸ್ಸಿಲ್ಲ.

ಒಂದೆರಡು ಕೇಳಿದ್ದೇನೆ. ಮಗಳು ತನ್ನ ಹಳೆಯ ಫೋನು ಕೊಟ್ಟು, ಅದರಲ್ಲಿ ನಿಮ್ಮ ಪುಸ್ತಕಗಳನ್ನು ತುಂಬಿ, ಮಿಷನ್ನಿನ ಮೇಲಿನ ಹಲಗೆಯ ಮೇಲೆ ಒಂದು ಸ್ಪೀಕರ್ ಇಟ್ಟುಹೋದಳು. ಪರದೆ, ದಿಂಬಿನ ಚೀಲ, ಸೋಫಾ ಕವರು ಹೊಲಿಯುವವರಿಗೆ ಕೈ ಕಣ್ಣು ಬಿಡುವಿಲ್ಲ, ಕಿವಿ ಮಾತ್ರ ಖಾಲಿ. ನಾನು ಬೇಡವೆಂದಿದ್ದೆ. ನಮ್ಮ ಅಂಗಡಿಯಲ್ಲಿ ಗುಂಡಿ ಹಾಕುವವಳು ಒಬ್ಬಳಿದ್ದಾಳೆ, ಅವಳನ್ನು ಎಲ್ಲರೂ ಗುಂಡಿ ಎಂದೇ ಕರೆಯುತ್ತಾರೆ. ಅವಳೇ “ಹಾಕಿ ಅಕ್ಕಾ, ನಿಮ್ಮ ಬೈಗುಳ ಕೇಳಿ ಕೇಳಿ ಸಾಕಾಗಿದೆ” ಎಂದು ಹಾಕಿಸಿದಳು. ಓದುವವರು ಯಾರು ಎಂದು ನಾನು ಅವಳಿಗೆ ಹೇಳಲಿಲ್ಲ.

ಮೊದಲು ಕೇಳಿದ್ದು ಆ ಸರ್ಕಸ್ಸಿನವರ ಕಾದಂಬರಿ. ಕೇಳಿ ನಾನು ಬೆರಗಾದೆ. ಎಷ್ಟು ಚುರುಕು, ಎಷ್ಟು ಲವಲವಿಕೆ! ಒಂದು ಮಾತು ಮುಗಿಯುವ ಮೊದಲೇ ಇನ್ನೊಂದು ಮಾತು. ಜೋಕುಗಳೆಲ್ಲ ಪಟಪಟನೆ ಬಂದು ಬೀಳುತ್ತಿದ್ದವು. ಈ ಮನುಷ್ಯ ಅಲ್ಲಿ ಹೋಗಿ ಬೇರೆಯೇ ಆಗಿದ್ದಾನೆ, ಮಾತು ಕಲಿತಿದ್ದಾನೆ ಎಂದುಕೊಂಡೆ. ಎಷ್ಟರ ಮಟ್ಟಿಗೆ ಎಂದರೆ, ನಿಮ್ಮಪ್ಪನನ್ನು ಒಂದು ಭಾನುವಾರ ಊಟಕ್ಕೆ ಕರಿ ಎಂದು ಮಗಳಿಗೆ ಹೇಳಿಯೂ ಬಿಟ್ಟೆ. ಆ ಪುಸ್ತಕ ಮುಗಿದು ಎರಡನೆಯದು ಶುರುವಾದಾಗ ಗುಂಡಿ ಫೋನಿನಲ್ಲಿ ಏನನ್ನೋ ಒತ್ತಿದಳು ನೋಡಿ, ದನಿ ಇದ್ದಕ್ಕಿದ್ದಂತೆ ಎಳೆದು ಎಳೆದು ಬರತೊಡಗಿತು. “ಅಕ್ಕಾ, ಬ್ಯಾಟರಿ ಹೋಯ್ತು ಅನ್ಸುತ್ತೆ” ಎಂದಳು. ಬ್ಯಾಟರಿ ಸರಿಯಾಗಿಯೇ ಇತ್ತು. ಮಗಳಿಗೆ ಎಲ್ಲವೂ ಬೇಗ ಮುಗಿಯಬೇಕು, ಅವಳು ಪುಸ್ತಕವನ್ನೂ ಫೋನಿನಲ್ಲಿ ವೇಗ ಹೆಚ್ಚಿಸಿ ಓಡಿಸಿಕೊಂಡೇ ಕೇಳುತ್ತಾಳೆ. ಆ ಓಟವನ್ನು ಹಾಗೇ ಬಿಟ್ಟು ಫೋನು ನನಗೆ ಕೊಟ್ಟಿದ್ದಳು. ನಾನು ಮೆಚ್ಚಿದ ಚುರುಕು ಫೋನಿನದು, ನಿಮ್ಮದಲ್ಲ. ಸಂಜೆಯೇ ಮಗಳಿಗೆ ಹೇಳಿ ಊಟದ ಕರೆ ವಾಪಸು ತೆಗೆದುಕೊಂಡೆ. ಆಗ ಯಾಕೆ ಎಂದು ಅವಳು ಕೇಳಿದಳು, ನಾನು ಹೇಳಲಿಲ್ಲ. ಈಗ ನಿಮಗೆ ಹೇಳಿದ್ದೇನೆ.

ಇನ್ನು ಅಭಿಪ್ರಾಯ. ನಿಜದ ಪುಸ್ತಕಗಳನ್ನು ನೀವು ಚೆನ್ನಾಗಿ ಓದುತ್ತೀರಿ. ಸಮುದ್ರದ ತಳದ ಮೀನಿನ ಪುಸ್ತಕ, ಸೇತುವೆ ಕಟ್ಟುವವರ ಪುಸ್ತಕ, ಮೂತ್ರಪಿಂಡದ ಪುಸ್ತಕ, ಇವುಗಳಲ್ಲಿ ತಪ್ಪು ಹುಡುಕಲಾರೆ. ಅಲ್ಲಿ ನೀವು ಯಾರ ವೇಷವನ್ನೂ ಹಾಕುವ ಹಾಗಿಲ್ಲ, ವಿಷಯವನ್ನು ಇದ್ದ ಹಾಗೆ ಹೇಳಿ ಪಕ್ಕಕ್ಕೆ ಸರಿಯಬೇಕು. ಸರಿಯುತ್ತೀರಿ. ಬೆಳಕೇ ಇಲ್ಲದ ನೀರಿನಲ್ಲಿ ಆ ಮೀನು ತನ್ನ ಜೋಡಿಯನ್ನು ಹುಡುಕುವುದನ್ನು ಓದಿದ್ದೀರಲ್ಲ, ಆಗ ನಾನು ಮಿಷನ್ ನಿಲ್ಲಿಸಿದೆ. ಮೀನಿಗೆ ಅಷ್ಟು ಮರ್ಯಾದೆ ಕೊಟ್ಟು ಮಾತಾಡುವವರನ್ನು ನಾನು ಕಂಡಿರಲಿಲ್ಲ.

ಕಥೆ ಕಾದಂಬರಿಯಲ್ಲಿ ಮಾತ್ರ ನಿಮ್ಮದು ಅತಿಯಾಗುತ್ತದೆ. ಯಾರಾದರೂ ಸಾಯುವುದಿದ್ದರೆ ಎರಡು ಪುಟ ಮೊದಲೇ ಉಸಿರು ಭಾರ ಮಾಡಿಕೊಳ್ಳುತ್ತೀರಿ. ಗುಂಡಿ ಕೂಡ ಹಿಡಿದುಬಿಡುತ್ತಾಳೆ, “ಅಕ್ಕಾ, ಯಾರದೋ ಕಥೆ ಮುಗೀತು ಈಗ” ಎಂದು. ಅಳಬೇಕಾದವರು ನಾವು, ನಮಗಿಂತ ಮೊದಲು ನೀವೇ ಅತ್ತುಬಿಟ್ಟರೆ ನಮಗೆ ಉಳಿಯುವುದೇನು? ಅದೇ ಕಂಪನಿಯಲ್ಲಿ ಒಬ್ಬ ಹೆಂಗಸು ಓದುತ್ತಾಳೆ, ಸ್ಕೂಲಿನಲ್ಲಿ ಹಾಜರಿ ಕೂಗಿದ ಹಾಗೆ. ಏರಿಲ್ಲ, ಇಳಿವಿಲ್ಲ. ಅವಳ ಪುಸ್ತಕದಲ್ಲಿ ಒಂದು ಮಗು ತೀರಿಕೊಂಡಾಗ ಅವಳು ಹಾಗೇ ಮುಂದಿನ ಸಾಲಿಗೆ ಹೋದಳು. ನಾನು ಹೋಗಲಾರದೆ ಅಲ್ಲೇ ಕೂತೆ. ಓದುವುದು ಎಂದರೆ ಅದು. ನಿಮಗೆ ಸಿಟ್ಟು ಬರಬಹುದು. ಬರಲಿ.

ಸಂಸಾರದ ಬಗ್ಗೆ ಬುದ್ಧಿ ಹೇಳುವ ಪುಸ್ತಕವೊಂದನ್ನು ಓದಿದ್ದೀರಿ. ನಿಜದ ಪುಸ್ತಕಗಳ ಸಾಲಿನಲ್ಲೇ ಇಟ್ಟಿದ್ದಾರೆ ಅದನ್ನು. ಹೆಂಡತಿ ಮಾತನಾಡುವಾಗ ಕೈಯಲ್ಲಿರುವ ಕೆಲಸ ಬಿಟ್ಟು ಅವಳ ಮುಖ ನೋಡಿ, ಒಂದು ಒಳ್ಳೆಯ ಮಾತಿಗೆ ಖರ್ಚೇನೂ ಇಲ್ಲ ಎಂದು ನೀವು ಓದುವಾಗ ನನ್ನ ಬೆರಳಿಗೆ ಸೂಜಿ ಹೊಕ್ಕಿತು. ಗುಂಡಿ ಕಣ್ಣೊರೆಸಿಕೊಂಡು “ಇಂಥ ಗಂಡ ಸಿಕ್ಕಿದ್ರೆ ನಾನು ದೇವರ ಹತ್ರ ಬೇರೇನೂ ಕೇಳ್ತಿರ್ಲಿಲ್ಲ ಅಕ್ಕಾ” ಎಂದಳು. “ಸಿಕ್ಕಿದ್ರೆ ಗೊತ್ತಾಗ್ತಿತ್ತು. ಬಾಯ್ಮುಚ್ಕೊಂಡು ಗುಂಡಿ ಹಾಕು” ಎಂದೆ.

ನಿಮಗೆ ನೆನಪಿದೆಯೋ ಇಲ್ಲವೋ. ಬಸ್ ನಿಲ್ದಾಣದಲ್ಲಿ ಇಡೀ ದಿನ ಬಸ್ಸುಗಳ ಹೊತ್ತು ಕೂಗಿ, ಪ್ರಯಾಣಿಕರ ಗಮನಕ್ಕೆ, ದಯವಿಟ್ಟು ಸಹಕರಿಸಿ ಎಂದು ಊರಿಗೆಲ್ಲ ಜೇನು ಸುರಿಸಿ, ಮನೆಗೆ ಬಂದರೆ ಬಾಯಿಗೆ ಬೀಗ. ದನಿ ಸವೆಯುತ್ತದೆ ಎಂದಿರಿ. ತಟ್ಟೆಯನ್ನು ಒಂದು ಸಲ ತಟ್ಟಿದರೆ ಇನ್ನಷ್ಟು ಬಡಿಸು, ಎರಡು ಸಲ ತಟ್ಟಿದರೆ ಸಾಕು. ಮಗು ಹುಟ್ಟಿದ ಮೇಲೂ ಅದೇ ತಟ್ಟುವುದು. ಅವಳು ಚಿಕ್ಕವಳಿದ್ದಾಗ ಗೆಳತಿಯ ಮನೆಗೆ ಆಡಲು ಹೋಗಿ ಬಂದು, ನನ್ನ ಸೆರಗು ಹಿಡಿದು ಪಿಸುದನಿಯಲ್ಲಿ ಕೇಳಿದ್ದಳು, “ಅಮ್ಮಾ, ಅವಳ ಅಪ್ಪಂಗೆ ಏನಾಗಿದೆ? ಮಾತಾಡ್ತಾನೇ ಇರ್ತಾರೆ.” ನಾನು ನಕ್ಕೆ. ನಗದೆ ಏನು ಮಾಡಲಿ?

ನಿವೃತ್ತಿಯಾಗಿ ಈ ಪುಸ್ತಕ ಓದುವ ಕೆಲಸ ಸಿಕ್ಕಾಗ ಇನ್ನಾದರೂ ಎಂದುಕೊಂಡೆ. ಮನೆಯಲ್ಲಿ ಅಭ್ಯಾಸ ಮಾಡಲು ಕೂತಿರಿ, ಕೆಳಗಿನ ಅಂಗಡಿಯಿಂದ ನನ್ನ ಮಿಷನ್ನಿನ ಸದ್ದು ಬಂತು. ಒಂದು ಚೀಟಿ ಬರೆದು ಕಳಿಸಿದಿರಿ, ಮಿಷನ್ ನಿಲ್ಲಿಸು ಎಂದು. ನಿಲ್ಲುವುದಿಲ್ಲ ಎಂದು ಬಾಯಲ್ಲೇ ಕೂಗಿ ಹೇಳಿದೆ, ನನ್ನ ದನಿ ಸವೆಯುವ ಜಾತಿಯದಲ್ಲ. ಮಾರನೇ ವಾರ ದಪ್ಪ ಗೋಡೆಯ ಕೋಣೆ ನೋಡಿಕೊಂಡು ಹೊರಟಿರಿ. ಹೊರಡುವಾಗಲೂ ಬಾಗಿಲನ್ನು ಬೆರಳಲ್ಲಿ ತಟ್ಟಿದಿರಿ. ಎರಡು ಸಲ.

ಅದೆಲ್ಲ ಹಳೆಯದು, ಅದನ್ನು ನುಂಗಿಕೊಂಡಿದ್ದೆ. ನುಂಗಲಾಗದ್ದು ಬೇರೆ ಇದೆ.

ಬಾಡಿಗೆ ಮನೆಯ ಕಾದಂಬರಿ ಓದಿದ್ದೀರಲ್ಲ, ಅದರಲ್ಲಿ ಮನೆ ಒಡತಿ ಬರುತ್ತಾಳೆ. ಬಂದವಳೇ ಒಂದು ಸಲ ಗಂಟಲು ಸರಿ ಮಾಡಿಕೊಂಡು “ಹೂಂ, ಆಯ್ತಾ ನಿಮ್ದು?” ಎಂದಳು. ಗುಂಡಿಯ ಕೈ ನಿಂತಿತು. ಸ್ಪೀಕರ್ ನೋಡಿದಳು, ನನ್ನನ್ನು ನೋಡಿದಳು. “ಅಕ್ಕಾ, ಇವರ್ಯಾರೋ ನಿಮ್ಮನ್ನ ಚೆನ್ನಾಗಿ ನೋಡಿದ್ದಾರೆ” ಎಂದಳು. ಆ ದನಿ ನನ್ನದೇ, ನನ್ನ ಮೈ ಉರಿದುಹೋಯಿತು. ಆಮೇಲೆ ಕಿವಿಗೊಟ್ಟು ಕೇಳಿದೆ. ಒಂದು ಪುಸ್ತಕದಲ್ಲಿ ನಾನು ಸೊಸೆಯನ್ನು ಕಾಡುವ ಅತ್ತೆ. ಇನ್ನೊಂದರಲ್ಲಿ ಜೈಲಿನ ಕಾವಲುಗಾತಿ. ಮಕ್ಕಳ ಕಥೆಯಲ್ಲಿ ಬಾವಿಯ ಹತ್ತಿರ ಕೂರುವ ಮಾಟಗಾತಿ, ಅವಳಿಗೂ ನನ್ನದೇ ಕೆಮ್ಮು! ಒಳ್ಳೆಯ ಹೆಂಗಸರಿಗೆಲ್ಲ ಯಾರದೋ ತೆಳ್ಳನೆಯ ದನಿ, ಊರಲ್ಲಿ ಯಾರಿಗೂ ಇರದಂಥದು. ಮೊನ್ನೆ ಪರದೆಯ ಅಳತೆಗೆ ಬಂದ ಗಿರಾಕಿಯೊಬ್ಬಳು ನಾನು ಎರಡು ಮಾತಾಡುವಷ್ಟರಲ್ಲಿ “ನಿಮ್ಮ ದನಿ ಎಲ್ಲೋ ಕೇಳಿದೀನಲ್ಲಾ” ಎಂದಳು. ನಾನು ಕಂಡೇ ಇರದ ಜನರ ಅಡುಗೆಮನೆಯಲ್ಲಿ, ಬಸ್ಸಿನಲ್ಲಿ, ಹಾಸಿಗೆಯ ಪಕ್ಕದಲ್ಲಿ ನಾನು ಕೆಟ್ಟವಳಾಗಿ ಓಡಾಡುತ್ತಿದ್ದೇನೆ. ಗುಂಡಿಗೆ ಆಗ ನಿಜ ಹೇಳಲೇಬೇಕಾಯಿತು. ಈಗ ಬೀದಿಗೆಲ್ಲ ಗೊತ್ತು.

ಆಡಿಕೊಂಡಿರಿ ಎಂದು ನೋವಲ್ಲ. ನಾನು ಬೈಯುವವಳೇ, ಇಲ್ಲವೆನ್ನುವುದಿಲ್ಲ. ನೋವು ಎಲ್ಲಿ ಎಂದರೆ, ನನ್ನ ಉಸಿರು ಎಲ್ಲಿ ನಿಲ್ಲುತ್ತದೆ, ಅಳು ಬಂದಾಗ ಮಾತಿನ ಮಧ್ಯೆ ಎಲ್ಲಿ ಎಂಜಲು ನುಂಗುತ್ತೇನೆ, ಎಲ್ಲವೂ ಅದರಲ್ಲಿದೆ. ಒಂದೂ ತಪ್ಪಿಲ್ಲ. ಸೂರು ಸೋರುತ್ತಿದೆ ಎಂದಾಗ, ಮಗಳಿಗೆ ಜ್ವರ ಇಳಿದಿಲ್ಲ ಎಂದಾಗ, ನನಗೆ ಎದೆಯಲ್ಲಿ ಏನೋ ಹಿಡಿದ ಹಾಗಾಗುತ್ತದೆ ರೀ ಎಂದಾಗ ನೀವು ಗಂಟಲು ತೋರಿಸಿ ಗೋಡೆಯ ಕಡೆ ತಿರುಗುತ್ತಿದ್ದಿರಿ. ಕೇಳಿಸಲಿಲ್ಲವೇನೋ ಎಂದು ಎಷ್ಟೋ ವರ್ಷ ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ. ಕೇಳಿಸಿತ್ತು. ನನ್ನ ಹೆತ್ತ ತಾಯಿಯೂ ಅಷ್ಟು ಗಮನವಿಟ್ಟು ನನ್ನ ಮಾತು ಕೇಳಿರಲಾರಳು. ಇಷ್ಟು ಚೆನ್ನಾಗಿ ಕೇಳಿಸಿಕೊಂಡವರು ಒಂದು ಸಲ, ಒಂದೇ ಒಂದು ಸಲ, ಹೌದೇನೇ ಎಂದಿದ್ದರೆ ಏನು ಸವೆದುಹೋಗುತ್ತಿತ್ತು?

ಈಗ ನಿಮ್ಮ ಮೊದಲನೇ ವಿಷಯ. ಬೇಡ. ಬರಬೇಡಿ.

ಇದ್ದ ಮಾತನ್ನೆಲ್ಲ ಊರಿಗೆ ಹಂಚಿ ಮುಗಿಸಿ, ಖಾಲಿ ಗಂಟಲು ತೆಗೆದುಕೊಂಡು ನನ್ನ ಮನೆಗೆ ಬರುತ್ತೇನೆ ಎನ್ನುತ್ತೀರಿ. ಮಾತಾಡಲಾರದವರನ್ನು ನೋಡಿಕೊಳ್ಳುವುದು ನನಗೆ ಕಷ್ಟವಲ್ಲ. ಆದರೆ ಅದೇ ಮೇಜು, ಅದೇ ತಟ್ಟೆ, ಎದುರಿಗೆ ಅದೇ ಮುಚ್ಚಿದ ಬಾಯಿ. ಇದು ಆಡಲಾರದ ಬಾಯಿ, ಅದು ಆಡದ ಬಾಯಿ ಎಂದು ನಾನು ಪ್ರತಿ ಹೊತ್ತೂ ಹೇಗೆ ಬೇರೆ ಮಾಡಿ ನೋಡಲಿ? ನನ್ನಿಂದಾಗದು. ಸಿಟ್ಟು ಬಂದೇ ಬರುತ್ತದೆ, ಬೈದೇ ಬೈಯುತ್ತೇನೆ. ನೀವು ಪಾಪದ ಮುಖ ಮಾಡಿಕೊಂಡು ಗಂಟಲು ತೋರಿಸುತ್ತೀರಿ. ನೋಡಿದವರು ಯಾರ ಕಡೆ ನಿಲ್ಲುತ್ತಾರೆ? ಪುಸ್ತಕದಲ್ಲಿ ಮಾಡಿದ್ದು ಸಾಲದೆಂದು ಮನೆಯಲ್ಲೂ ನನ್ನನ್ನು ಆ ಒಡತಿ ಮಾಡಿ ಕೂರಿಸುತ್ತೀರಿ. ಜಗಳಕ್ಕೂ ಇಬ್ಬರು ಬೇಕು ರೀ. ಒಬ್ಬಳೇ ಆಡಿ ಆಡಿ ನನಗೆ ಸಾಕಾಗಿದೆ.

ಮಗಳು ತನ್ನ ಮನೆಯಲ್ಲಿ ಬಿಸಿಲು ಬರುವ ಕೋಣೆಯನ್ನು ಖಾಲಿ ಮಾಡಿದ್ದಾಳೆ, ಅಳಿಯನೂ ಒಪ್ಪಿದ್ದಾನೆ. ಅಲ್ಲಿಗೆ ಹೋಗಿ. ಆ ಕಿಟಕಿಗೆ ಪರದೆ ನಾನೇ ಹೊಲಿದು ಕಳಿಸಿದ್ದೇನೆ, ಅಳತೆ ಸರಿ ಇದೆ. ಮೊಮ್ಮಗಳು ತುಂಬ ಮಾತಾಡುತ್ತಾಳೆ. ಅವಳು ಏನಾದರೂ ಕೇಳಿದರೆ ತಟ್ಟಬೇಡಿ, ಬರೆದಾದರೂ ಉತ್ತರ ಕೊಡಿ. ಅವಳಿಗೆ ಓದಲು ಬರುತ್ತದೆ. ಔಷಧಿ ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಿ.

ಇಂತಿ,
ನಿಮ್ಮ ಮಗಳ ತಾಯಿ

ಮರೆತದ್ದು: ನೀವು ಕೊನೆಗೆ ಓದಿದ ಪುಸ್ತಕ, ಕುದುರೆ ಕಳೆದುಕೊಂಡು ಊರೂರು ಅಲೆಯುವ ಮುದುಕನದು. ಅದರ ನಡುವಿನಿಂದಲೇ ನಿಮ್ಮ ದನಿಯಲ್ಲಿ ಕಬ್ಬಿಣಕ್ಕೆ ಅರ ಉಜ್ಜಿದಂಥ ಸದ್ದು ಕೇಳಿಸುತ್ತಿತ್ತು. ಹಿಂದಿನ ಯಾವ ಪುಸ್ತಕದಲ್ಲೂ ಅದಿರಲಿಲ್ಲ, ಎಲ್ಲವನ್ನೂ ಮತ್ತೆ ಹಾಕಿ ನೋಡಿದೆ. ಇದು ನೆಗಡಿಯಲ್ಲ, ನಿಮ್ಮಪ್ಪನನ್ನು ಎಳೆದುಕೊಂಡಾದರೂ ಆಸ್ಪತ್ರೆಗೆ ಹೋಗು ಎಂದು ಮಗಳಿಗೆ ಹೇಳಿದವಳು ನಾನೇ. ಅವಳಿಗೆ ತಾನಾಗಿ ಗೊತ್ತಾಯಿತು ಎಂದು ನೀವು ಬರೆದಿದ್ದೀರಿ. ಇರಲಿ. ಆ ಪುಸ್ತಕದ ಕೊನೆಯ ಭಾಗವನ್ನು ಬೇರೆ ಯಾವನೋ ಓದಿದ್ದಾನೆ. ಅವನ ದನಿ ಬರುತ್ತಿದ್ದ ಹಾಗೇ ನಿಲ್ಲಿಸಿದೆ, ಮುಂದೆ ಕೇಳಿಲ್ಲ, ಕೇಳುವುದೂ ಇಲ್ಲ. ಕುದುರೆ ಸಿಕ್ಕಿತೋ ಇಲ್ಲವೋ, ಅಷ್ಟು ಬರೆದು ಕಳಿಸಿ.